ಎರಡೂ ತಟ್ಟೆ ಖಾಲಿಯಾಗುವವರೆಗೆ

ಶಿವನಂಜಪ್ಪ ಊಟ ಮಾಡುವವನಲ್ಲ, ಊಟ ಮುಗಿಸುವವನು. ಮುದ್ದೆಯಿರಲಿ, ಅನ್ನ ಸಾರಿರಲಿ, ಹಬ್ಬದ ಒಬ್ಬಟ್ಟೇ ಇರಲಿ, ಏಳು ನಿಮಿಷಕ್ಕೆ ತಟ್ಟೆ ಬರಿದಾಗಿ ಆಸಾಮಿ ನಲ್ಲಿಯ ಮುಂದೆ ಕೈ ತೊಳೆಯುತ್ತಿರುತ್ತಿದ್ದ. ಕತಾರಿನ ಮೆಸಯೀದಿನ ರಸಗೊಬ್ಬರದ ಕಾರ್ಖಾನೆಯಲ್ಲಿ ಅವನು ಕಂಪ್ರೆಸರುಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಬೆಳಗಿನ ಐದೂಕಾಲಿಗೆ ಕಂಪನಿ ಬಸ್ಸು ಬರುತ್ತಿತ್ತು, ಅದಕ್ಕೆ ಅವಸರ ಸರಿ. ಶುಕ್ರವಾರದ ರಜೆಯ ದಿನವೂ ಅದೇ ಏಳು ನಿಮಿಷ.

ಅವನ ಹೆಂಡತಿ ವಿಜಯಮ್ಮನದು ತದ್ವಿರುದ್ಧ. ಅವಳಿಗೆ ತುತ್ತು ಬಾಯಿಗಿಟ್ಟರೆ ಅದರ ರುಚಿ ಪೂರ್ತಿ ಮುಗಿದ ಮೇಲೆಯೇ ಮುಂದಿನದು. ಮದುವೆಯಾಗಿ ಮೈಸೂರಿನ ಹನ್ನೊಂದು ಜನರ ಮನೆಗೆ ಬಂದಾಗ ಈ ನಿಧಾನಕ್ಕೆ ಅತ್ತೆಯಿಂದ, ನಾದಿನಿಯರಿಂದ ಸಾಕಷ್ಟು ಚುಚ್ಚುಮಾತು ಕೇಳಿದ್ದಳು. ಕೊನೆಗೆ ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ ಒಬ್ಬಳೇ ಕೂರುವುದನ್ನು ಕಲಿತಳು. ಆಗ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ದೋಹಾಕ್ಕೆ ಬಂದು ಅಲ್ ಅಜೀಜಿಯಾದ ಫ್ಲಾಟಿನಲ್ಲಿ ಮೂರೇ ಜನರ ಸಂಸಾರ ಹೂಡಿದ ಮೇಲೂ ಅಭ್ಯಾಸ ಬಿಡಲಿಲ್ಲ. ಗಂಡ ಉಂಡು ಎದ್ದು, ಮಗ ವಿನಯ್ ಉಂಡು ಎದ್ದು, ಆಮೇಲೆ ಅವಳು ಏಸಿಯ ಗುಂಯ್ ಸದ್ದು ಕೇಳುತ್ತ ಕೂತು ಉಣ್ಣುತ್ತಿದ್ದಳು.

ಇಂಥ ಜೋಡಿಯನ್ನು ಒಂದೇ ಮೇಜಿಗೆ ಎರಡೂವರೆ ಗಂಟೆ ಕಟ್ಟಿಹಾಕಿದ್ದು ಫ್ರಾನ್ಸಿನ ಒಬ್ಬ ಹೆಂಗಸು.

ಅದು ತೊಂಬತ್ತಮೂರರ ಜೂನ್. ಕಂಪ್ರೆಸರ್ ತಯಾರಿಸುವ ಊರಿಗೆ ಶಿವನಂಜಪ್ಪನನ್ನು ತರಬೇತಿಗೆ ಕಳಿಸಿದ್ದರು. ಅರ್ಜಿಯಲ್ಲಿ ಬರೆದರೆ ಕಂಪನಿಯವರು ಹೆಂಡತಿಗೂ ಟಿಕೆಟ್ ಕೊಡುತ್ತಿದ್ದರಿಂದ ಕೊನೆಯ ವಾರಕ್ಕೆ ವಿಜಯಮ್ಮನೂ ಹೋದಳು. ವಿನಯ್‌ನನ್ನು ಕೆಳಗಿನ ಮನೆಯ ರುಕಿಯಾ ನೋಡಿಕೊಂಡಳು. ಹೊರಡುವ ಭಾನುವಾರ ಮಧ್ಯಾಹ್ನ, ಕಾರ್ಖಾನೆಯವರು ಇಬ್ಬರನ್ನೂ ಹತ್ತಿರದ ಹಳ್ಳಿಯ ಬಿಸ್ಟ್ರೋ ಒಂದರ ಮುಂದೆ ಇಳಿಸಿ, ಮೂರೂವರೆಗೆ ಕಾರು ಬರುತ್ತದೆ ಎಂದು ಹೇಳಿ ಹೋದರು.

ಬಿಸ್ಟ್ರೋ ಅಂದರೆ ಆರು ಮೇಜಿನ ಒಂದು ಊಟದ ಮನೆ. ಹೊರಗೆ ಹೊಳೆ, ಒಳಗೆ ಬೆಣ್ಣೆ ಕಾಯಿಸಿದ ವಾಸನೆ. ಮೆನು ಕಾರ್ಡು ಇಲ್ಲ. ಗೋಡೆಗೆ ನೇತುಹಾಕಿದ ಸ್ಲೇಟಿನಲ್ಲಿ ಸೀಮೆಸುಣ್ಣದಿಂದ ಐದು ಸಾಲು ಬರೆದಿತ್ತು. ಅವತ್ತು ಆ ಮನೆಯೊಡತಿ ಏನು ಬೇಯಿಸಿದ್ದಾಳೋ ಅದನ್ನೇ ಎಲ್ಲರೂ ತಿನ್ನಬೇಕು, ಅವಳು ತಂದಿಡುವ ಕ್ರಮದಲ್ಲೇ ತಿನ್ನಬೇಕು. ವಿಜಯಮ್ಮನಿಗೆ ಇದು ಬಹಳ ಹಿಡಿಸಿತು. ಹದಿನಾರು ವರ್ಷದ ಸಂಸಾರದಲ್ಲಿ ಮೊದಲ ಸಲ, ಇವತ್ತು ಏನು ಅಡುಗೆ ಅನ್ನುವ ಪ್ರಶ್ನೆಗೆ ಬೇರೆ ಯಾರೋ ಉತ್ತರ ಬರೆದಿಟ್ಟಿದ್ದರು.

ಒಡತಿಗೆ ಅರವತ್ತರ ವಯಸ್ಸು. ದಪ್ಪ ತೋಳು, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಆಲೂಗಡ್ಡೆ ಸೂಪಿನ ಪಾತ್ರೆಯನ್ನೇ ತಂದು ಮೇಜಿನ ಮಧ್ಯೆ ಇಟ್ಟು ಬಡಿಸಿದಳು. ಎರಡನೆಯ ಸಾಲಿನದು ಮೊಲದ ಮಾಂಸ ಎಂದು ಸನ್ನೆಯಲ್ಲೇ ತಿಳಿಸಿದಳು. ಶಿವನಂಜಪ್ಪ ಎರಡೂ ಕೈ ಆಡಿಸಿ "ನೋ ಮೀಟ್, ನೋ ಫಿಶ್, ನೋ ಎಗ್" ಅಂದ. ಒಡತಿಯ ಮುಖ ಬಿಗಿಯಿತು. ಆಮೇಲೆ ವಿಜಯಮ್ಮನ ಹಣೆಯ ವಿಭೂತಿ, ರೇಷ್ಮೆ ಸೀರೆ, ಅದರ ಮೇಲಿನ ಸ್ವೆಟರು, ಕಾಲಿನ ಸಾಕ್ಸು ಎಲ್ಲವನ್ನೂ ಒಂದೊಂದಾಗಿ ನೋಡಿ ಒಳಗೆ ಹೋದಳು. ಇಪ್ಪತ್ತು ನಿಮಿಷ ಬಿಟ್ಟು ತಂದದ್ದು ಈರುಳ್ಳಿ ಹಾಕಿ ಬೇಯಿಸಿದ ಪುಟ್ಟ ಪುಟ್ಟ ಹಸಿರು ಕಾಳು. ಬಾಯಿಗಿಟ್ಟ ವಿಜಯಮ್ಮನಿಗೆ ಕಣ್ಣು ತುಂಬಿತು. ಒಗ್ಗರಣೆಯೊಂದು ಇಲ್ಲ, ಅಷ್ಟು ಬಿಟ್ಟರೆ ಅದು ತೊವ್ವೆಯೇ.

ಶಿವನಂಜಪ್ಪ ಅದನ್ನೂ ನಾಲ್ಕೇ ನಿಮಿಷದಲ್ಲಿ ಮುಗಿಸಿ, ಮುಂದಿನದು ತರಲಿ ಎಂದು ಒಡತಿಯ ಕಡೆ ನೋಡಿದ. ಅವಳು ವಿಜಯಮ್ಮನ ತಟ್ಟೆಯ ಕಡೆ ಒಮ್ಮೆ ಗಲ್ಲ ಎತ್ತಿ ತೋರಿಸಿ, ಬೇರೆ ಮೇಜಿಗೆ ಹೋದಳು. ಆ ಮನೆಯ ಪದ್ಧತಿ ಹಾಗೆ. ಮೇಜಿನಲ್ಲಿ ಕೂತವರೆಲ್ಲರ ತಟ್ಟೆ ಖಾಲಿಯಾಗುವವರೆಗೆ ಒಂದು ತಟ್ಟೆಯನ್ನೂ ಎತ್ತುವುದಿಲ್ಲ, ಮುಂದಿನದನ್ನು ತರುವುದೂ ಇಲ್ಲ. ನಮ್ಮ ಪಂಕ್ತಿಯಲ್ಲಿ ಮಧ್ಯೆ ಏಳಬಾರದು ಅನ್ನುತ್ತಾರಲ್ಲ, ಅದೇ ಎಂದುಕೊಂಡಳು ವಿಜಯಮ್ಮ. ಅವಸರಪಡಲು ನೋಡಿದಳು, ಆಗಲಿಲ್ಲ. ಒಡತಿ ದೂರದಿಂದಲೇ ಅಂಗೈ ಕೆಳಗೆ ಮಾಡಿ, ನಿಧಾನ, ನಿಧಾನ ಎಂದು ಸನ್ನೆ ಮಾಡಿದಳು. ಹಾಗೆ ಅವಳಿಗೆ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ.

ಮಾಡಲು ಏನೂ ಇಲ್ಲದ ಶಿವನಂಜಪ್ಪ ಕಿಟಕಿ ನೋಡಿದ, ಸ್ಲೇಟು ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ. ಮಾತಾಡಲು ಶುರುಮಾಡಿದ. ಸೊಪ್ಪು ಬಂತು, ಚೀಸು ಬಂತು, ಸಕ್ಕರೆ ಪಾಕದಲ್ಲಿ ಬೇಯಿಸಿದ ಮರಸೇಬು ಬಂತು. ಪ್ರತಿ ಸಲವೂ ಅವನು ಮೊದಲೇ ಮುಗಿಸಿ ಕಾಯುತ್ತಿದ್ದ, ಕಾಯುತ್ತ ಹೇಳುತ್ತಿದ್ದ. ಹಾಸ್ಟೆಲಿನ ಹಸಿವು, ಮೊದಲ ಕೆಲಸದ ಹೆದರಿಕೆ, ತಾನು ತಂದೆಗೆ ಹೇಳಿದ ಸುಳ್ಳುಗಳು. ಮರಸೇಬು ಅರ್ಧವಾಗಿದ್ದಾಗ ದನಿ ಇಳಿಸಿ ಹೇಳಿದ.

"ನಿನಗೊಂದು ವಿಷಯ ಹೇಳೇ ಇಲ್ಲ ಕಣೆ. ಹೆಣ್ಣು ನೋಡೋಕೆ ಬರೋಕೆ ಒಂದು ವಾರ ಮುಂಚೆ, ಯಾರಿಗೂ ಹೇಳದೆ, ನಾನೊಬ್ಬನೇ ಕೊಳ್ಳೇಗಾಲಕ್ಕೆ ಬಂದಿದ್ದೆ. ನಿಮ್ಮನೆ ಎದುರಿಗೆ ಸೈಕಲ್ ಅಂಗಡಿ ಇತ್ತಲ್ಲ, ಅಲ್ಲಿ ನಿಂತಿದ್ದೆ. ನೀನು ಜಗಲಿ ಮೇಲೆ ಕೂತಿದ್ದೆ..."

ಅಷ್ಟರಲ್ಲಿ ಡ್ರೈವರ್ ಬಾಗಿಲಲ್ಲಿ ನಿಂತು ಕೈಗಡಿಯಾರ ತಟ್ಟಿದ. ಪ್ಯಾರಿಸಿನ ರೈಲಿಗೆ ಹೊತ್ತಾಗಿತ್ತು. ಮಾತು ಅಲ್ಲಿಗೇ ನಿಂತಿತು. ರೈಲಿನಲ್ಲಿ ಗಂಡ ನಿದ್ದೆಹೋದ, ವಿಮಾನದಲ್ಲೂ ನಿದ್ದೆಹೋದ.

ದೋಹಾಕ್ಕೆ ಬಂದ ಮೇಲೆ ಒಂದು ಬೆಳಿಗ್ಗೆ ತಿಂಡಿ ಬಡಿಸುತ್ತ ವಿಜಯಮ್ಮ ಕೇಳಿದಳು. "ಅವತ್ತು ಏನೋ ಹೇಳ್ತಿದ್ರಲ್ಲ ರೀ, ಕೊಳ್ಳೇಗಾಲದ್ದು?"

"ಯಾವತ್ತು? ಚಟ್ನಿ ಹಾಕು, ಬಸ್ ಬರೋ ಹೊತ್ತು."

ಮತ್ತೆ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಬಿಗುಮಾನವೂ ಇತ್ತು, ಭಯವೂ ಇತ್ತು. ತನ್ನನ್ನು ನೋಡಿ ಅವನಿಗೆ ಏನನ್ನಿಸಿತ್ತು? ಇಷ್ಟಪಟ್ಟು ಒಪ್ಪಿದನೋ, ಅಪ್ಪ ಹೇಳಿದರೆಂದು ಒಪ್ಪಿದನೋ? ಆ ಮಾತಿನ ಉಳಿದರ್ಧ ಬೇಕೇ ಬೇಕು ಅನ್ನಿಸುತ್ತಿತ್ತು. ಆದರೆ ಅದು ಈ ಮನೆಯ ಏಳು ನಿಮಿಷದಲ್ಲಿ ಹೊರಗೆ ಬರುವಂಥದ್ದಲ್ಲ, ಆ ಮೇಜಿಗೇ ಹೋಗಬೇಕು ಎಂದು ಅವಳಿಗೆ ಖಾತ್ರಿಯಾಗಿತ್ತು. ಒಂದು ಶುಕ್ರವಾರ ವಿನಯ್‌ನ ಹಳೆಯ ಸ್ಲೇಟಿನಲ್ಲಿ ಐದು ಸಾಲು ಬರೆದಿಟ್ಟು, ಕೋಸಂಬರಿ ಮೊದಲು, ಪಲ್ಯ ಆಮೇಲೆ ಎಂದು ಒಂದೊಂದಾಗಿ ತಂದಿಟ್ಟು ನೋಡಿದ್ದೂ ಆಯಿತು. "ಇದೇನೇ ಕಂತು ಕಂತಾಗಿ? ಎಲ್ಲಾ ಒಟ್ಟಿಗೆ ಬಡಿಸು," ಅಂದ ಶಿವನಂಜಪ್ಪ. ಅವತ್ತು ಅವಳು ಅಡುಗೆಮನೆಯಲ್ಲಿ ನಿಂತು ಅತ್ತಳು.

ನಾಲ್ಕು ವರ್ಷ ಕಳೆಯಿತು. ವಿನಯ್ ಓದಿಗೆಂದು ಮೈಸೂರಿನ ಹಾಸ್ಟೆಲ್ ಸೇರಿದ. ತೊಂಬತ್ತೇಳರ ಆಗಸ್ಟಿನಲ್ಲಿ ಒಂದು ಸಂಜೆ ಶಿವನಂಜಪ್ಪ ಬೂಟು ಬಿಚ್ಚುತ್ತ, "ಮುಂದಿನ ತಿಂಗಳು ಮತ್ತೆ ಫ್ರಾನ್ಸು. ಅದೇ ಊರು, ಮೂರು ವಾರ," ಅಂದ. ಮಾರನೆಯ ದಿನವೇ ವಿಜಯಮ್ಮ ರೇಷ್ಮೆ ಸೀರೆ ತೆಗೆದು ಮಡಿಕೆ ಬದಲಿಸಿದಳು, ಸ್ವೆಟರನ್ನು ಬಾಲ್ಕನಿಯಲ್ಲಿ ಬಿಸಿಲಿಗೆ ಹಾಕಿದಳು. ಕತಾರಿನ ಆಗಸ್ಟಿನಲ್ಲಿ ಉಣ್ಣೆಯ ಸ್ವೆಟರು ಒಣಹಾಕಿದವರು ಇಡೀ ದೋಹಾದಲ್ಲಿ ಅವಳೊಬ್ಬಳೇ ಇರಬೇಕು.

ಹತ್ತು ದಿನವಾದರೂ ಅವಳ ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ. ಕೊನೆಗೆ ಅವಳೇ ಕೇಳಿದಳು.

"ನನ್ನ ವೀಸಾಗೆ ಫೋಟೋ ಬೇಡವಾ?"

"ನಿನಗ್ಯಾಕೆ ವೀಸಾ?" ಶಿವನಂಜಪ್ಪನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಅರ್ಜೀಲಿ ನನ್ನ ಹೆಸರೊಂದೇ ಬರ್ದಿದ್ದೀನಿ. ಹೋದ ಸಲ ಪಾಪ ಚಳೀಲಿ ನಡುಗ್ತಿದ್ದೆ. ಊಟಾನೂ ಸೇರಲಿಲ್ಲ ನಿನಗೆ. ಆ ಭಾನುವಾರ ಒಂದೊಂದು ತಟ್ಟೆಗೂ ಎಷ್ಟು ಒದ್ದಾಡಿದೆ ಅಂತ ನಾನು ನೋಡಲಿಲ್ವಾ?"

ಅವಳು ಒಳಗೆ ಹೋಗಿ ಸ್ವೆಟರು ಮಡಿಸಿಟ್ಟಳು. ತನ್ನ ಬದುಕಿನ ಅತಿ ಸುಖದ ಊಟವನ್ನು ಇವರು ಒದ್ದಾಟ ಅಂದುಕೊಂಡಿದ್ದಾರೆ.

ಕೆಳಗಿನ ಮನೆಯ ರುಕಿಯಾ ಉಪ್ಪಿನಂಗಡಿಯವಳು, ಮನಸ್ಸಿನಲ್ಲಿದ್ದದ್ದನ್ನು ಅಲ್ಲೇ ಆಡಿಬಿಡುವ ಹೆಂಗಸು. "ನೀವು ಬಾಯಿಬಿಟ್ಟು ಹೇಳ್ಬೇಕಿತ್ತು ವಿಜಯಕ್ಕ," ಅಂದಳು ಎಲ್ಲ ಕೇಳಿ. "ಹೇಳದಿದ್ರೆ ಗಂಡಸರಿಗೆ ಎಂತ ಗೊತ್ತಾಗ್ತದೆ? ಈಗಲಾದ್ರೂ ಹೇಳಿ."

"ಹೇಳಿ ಹೋಗೋದಾದ್ರೆ ಅದರಲ್ಲೇನಿದೆ ರುಕಿಯಾ? ಅವರಿಗೇ ಅನ್ನಿಸಬೇಕು."

"ಹಾಗಾದ್ರೆ ಖಲಾಸ್. ಕೂತ್ಕೊಳ್ಳಿ ಕಾಯ್ತಾ."

ವಿಜಯಮ್ಮ ಕಾಯುತ್ತ ಕೂರಲಿಲ್ಲ. ಗಂಡ ಹೊರಡುವ ಹಿಂದಿನ ದಿನ ರವೆ ಉಂಡೆ ಕಟ್ಟಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಅವನ ಪೆಟ್ಟಿಗೆಯಲ್ಲಿ ಅಂಗಿಗಳ ಮಧ್ಯೆ ಇಟ್ಟಳು.

"ಇದು ಆ ಊಟದ ಮನೆಯಮ್ಮನಿಗೆ. ನೀವೇ ಹೋಗಿ ಕೈಯಲ್ಲಿ ಕೊಟ್ಟು, ಅಲ್ಲೇ ಊಟ ಮಾಡ್ಕೊಂಡು ಬನ್ನಿ."

"ಅಲ್ಲಿ ಎರಡೂವರೆ ಗಂಟೆ ಕೂರಿಸ್ತಾಳಲ್ಲೇ ಆಕೆ."

"ಕೂರಿಸಲಿ."

ಆ ಮೂರು ವಾರ ಮನೆಯಲ್ಲಿ ಅವಳೊಬ್ಬಳೇ. ಬಡಿಸಲು ಯಾರೂ ಇಲ್ಲ, ಎದ್ದು ಹೋಗುವವರೂ ಇಲ್ಲ. ಎಷ್ಟು ನಿಧಾನವಾಗಿ ಬೇಕಾದರೂ ಉಣ್ಣಬಹುದಿತ್ತು. ಆದರೆ ತುತ್ತು ಎತ್ತಿದರೆ ಎದುರಿನ ಕುರ್ಚಿಯೇ ಕಾಣುತ್ತಿತ್ತು. ಎರಡನೆಯ ಶುಕ್ರವಾರ ಫೋನ್ ಬಂದಾಗ "ಉಂಡೆ ಕೊಟ್ರಾ?" ಎಂದು ಕೇಳಿದಳು. "ಭಾನುವಾರ ಹೋಗ್ತೀನಿ," ಅಂದ. ಆಮೇಲೆ ಫೋನ್ ಬರಲಿಲ್ಲ.

ಒಂದು ಗುರುವಾರ ಸಂಜೆ ಶಿವನಂಜಪ್ಪ ವಾಪಸಾದ. ಪೆಟ್ಟಿಗೆ ಬಿಚ್ಚಿ ಸ್ಟೀಲ್ ಡಬ್ಬಿ ತೆಗೆದು ಅವಳ ಕೈಗೆ ಕೊಟ್ಟ. ಭಾರವಾಗಿತ್ತು. ಮುಚ್ಚಳ ತೆಗೆದರೆ ಬಾಯಿಯವರೆಗೂ ಆ ಪುಟ್ಟ ಹಸಿರು ಕಾಳು.

"ಖಾಲಿ ಡಬ್ಬಿ ವಾಪಸ್ ಕೊಡಬಾರದು ಅನ್ನೋದು ಆ ಊರಲ್ಲೂ ಇದೆ ಅಂತ ಕಾಣುತ್ತೆ," ಅಂದ.

ಶುಕ್ರವಾರ ಮಧ್ಯಾಹ್ನ ವಿಜಯಮ್ಮ ಆ ಕಾಳು ಬೇಯಿಸಿ, ಈ ಸಲ ಇಂಗು ಸಾಸಿವೆಯ ಒಗ್ಗರಣೆಯನ್ನೂ ಕೊಟ್ಟಳು. ಗಂಡನಿಗೆ ತಟ್ಟೆಯಿಟ್ಟು ಬಡಿಸಿ, ಸೌಟು ಹಿಡಿದು ಎಂದಿನಂತೆ ಪಕ್ಕದಲ್ಲಿ ನಿಂತಳು. ಶಿವನಂಜಪ್ಪ ಅನ್ನಕ್ಕೆ ಕೈ ಹಾಕಲಿಲ್ಲ.

"ನಿನ್ನ ತಟ್ಟೆ ತಗೊಂಡು ಬಾ."

"ನೀವು ಮಾಡಿ. ನಾನು ಆಮೇಲೆ ಕೂರ್ತೀನಿ."

"ತಗೊಂಡು ಬಾ ಅಂದೆ."

ಅವಳು ಎದುರಿಗೆ ಕೂತಳು. ಅವನು ನಿಧಾನ ಮಾಡಲು ನೋಡಿದ, ಪಾಪ. ಆದರೂ ಒಂಬತ್ತು ನಿಮಿಷಕ್ಕೆ ಮುಗಿದೇ ಹೋಯಿತು. ಅವಳದು ಇನ್ನೂ ಮೂರನೆಯ ತುತ್ತು. ಅವನು ಏಳಲಿಲ್ಲ. ಎಂಜಲು ಕೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡು ಕೂತಿದ್ದ. ಅವಳಿಗೆ ನಾಚಿಕೆಯಾಗಿ ತಲೆ ತಗ್ಗಿಸಿದಳು.

"ಆಕೆ ನನ್ನ ಗುರುತು ಹಿಡಿದಳು," ಅಂದ ಶಿವನಂಜಪ್ಪ. "ನನ್ನ ಹಿಂದೆ ಬಾಗಿಲ ಕಡೆ ನೋಡಿದಳು, ನೀನೂ ಬರ್ತಿದ್ದೀಯ ಅಂತ. ಎರಡು ತಟ್ಟೆ ಇಟ್ಟಳು. ಇಲ್ಲ, ಒಬ್ಬನೇ ಅಂತ ಹೇಳೋಕೆ ನನಗೆಲ್ಲಿ ಬರುತ್ತೆ ಆ ಭಾಷೆ? ಎರಡಕ್ಕೂ ಸೂಪು ಬಡಿಸಿದಳು. ನಾನು ಮುಗಿಸಿದೆ. ನಿನ್ನದು ಹಾಗೇ ಇತ್ತು. ಅವಳು ಮುಂದಿನದು ತರಲೇ ಇಲ್ಲ."

"ಮತ್ತೆ?"

"ಕಾದೆ. ಅರ್ಧ ಗಂಟೆ. ಸೂಪು ತಣ್ಣಗಾಗಿ ಕೆನೆ ಕಟ್ಟಿತು. ಖಾಲಿ ಕುರ್ಚಿ ನೋಡ್ತಾ ನೋಡ್ತಾ, ಅವತ್ತು ಇಲ್ಲಿ ಏನು ಹೇಳ್ತಿದ್ದೆ, ಎಲ್ಲಿಗೆ ನಿಲ್ಲಿಸಿದೆ ಅಂತ ಎಲ್ಲಾ ನೆನಪಾಯ್ತು. ನಿನಗೆ ನೆನಪಿದೆಯಾ?"

ನಾಲ್ಕು ವರ್ಷದಿಂದ ಬೇರೆ ಏನನ್ನೂ ನೆನೆಯದವಳು ತುತ್ತು ಕೈಯಲ್ಲೇ ಹಿಡಿದು, "ಸೈಕಲ್ ಅಂಗಡಿ," ಅಂದಳು.

"ಹ್ಞೂಂ. ಬೇಡ ಅನ್ನೋಕೆ ಕಾರಣ ಹುಡುಕ್ಕೊಂಡು ಬಂದಿದ್ದೆ ಕಣೆ. ಅಪ್ಪಾಜಿ ಆಗಲೇ ಮಾತು ಕೊಟ್ಟುಬಿಟ್ಟಿದ್ರು, ನನಗೆ ಸಿಟ್ಟು."

ಅವಳ ಕೈ ತಟ್ಟೆಗೆ ಇಳಿಯಿತು. ಇದಕ್ಕೇ ಭಯವಿತ್ತು ಅವಳಿಗೆ.

"ನೀನು ಜಗಲಿ ಮೇಲೆ ಕೂತು ಕಡಲೇಕಾಯಿ ತಿಂತಿದ್ದೆ. ಒಂದೊಂದೇ ಸುಲಿದು, ಸಿಪ್ಪೆ ಊದಿ, ಒಂದೊಂದೇ ಕಾಳು ಬಾಯಿಗೆ. ನಾನು ಗಾಳಿ ಹೋಗದ ಬಾಡಿಗೆ ಸೈಕಲ್ಲಿಗೆ ಪಂಕ್ಚರ್ ನೋಡಿಸ್ತಾ ಮುಕ್ಕಾಲು ಗಂಟೆ ನಿಂತಿದ್ದೆ. ಕಾರಣ ಸಿಕ್ತು ಅಂದ್ಕೊಂಡೆ. ನಮ್ಮನೇಲಿ ಹನ್ನೊಂದು ಜನ, ಈ ಹುಡುಗಿ ಉಪವಾಸ ಬೀಳ್ತಾಳೆ ಅಂತ ಹೇಳಿಬಿಡೋಣ ಅಂತ ಬಸ್ ಸ್ಟ್ಯಾಂಡಿಗೆ ಹೋದೆ. ಅಲ್ಲಿ ನಿಂತ್ರೆ ತಲೇಲಿ ಅದೇ. ಮುಗಿಸಿದಳೋ ಇಲ್ವೋ, ಮುಗಿಸಿದಳೋ ಇಲ್ವೋ. ಮೈಸೂರು ಬಸ್ಸು ಬಂತು, ಹತ್ತಲಿಲ್ಲ. ವಾಪಸ್ ಬಂದು ನೋಡಿದೆ."

"ಮುಗಿಸಿದ್ದೆನಾ?" ಅಂದಳು ವಿಜಯಮ್ಮ.

"ಇಲ್ಲ. ಮಡಿಲಲ್ಲಿ ಇನ್ನೂ ನಾಲ್ಕು ಕಾಯಿ ಇತ್ತು. ಅದು ಮುಗಿಯೋವರೆಗೂ ನಿಂತಿದ್ದು, ಆಮೇಲೆ ಮನೆಗೆ ಹೋಗಿ ಅಪ್ಪಾಜಿಗೆ ಹ್ಞೂಂ ಅಂದೆ. ಇವಳು ತಿನ್ನೋದನ್ನ ನೋಡ್ತಾ ಎಷ್ಟು ಹೊತ್ತು ಬೇಕಾದ್ರೂ ಕಾಯಬಹುದು ಅನ್ನಿಸಿತ್ತು." ಅವನು ತನ್ನ ಖಾಲಿ ತಟ್ಟೆ ನೋಡಿದ. "ಮದುವೆ ಆದಮೇಲೆ ಒಂದು ದಿನಾನೂ ಕಾಯಲಿಲ್ಲ."

ವಿಜಯಮ್ಮನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಹೋಗಲಿಲ್ಲ. ಅನ್ನಕ್ಕೆ ಇನ್ನಷ್ಟು ಕಾಳು ಹಾಕಿಕೊಂಡು ಕಲಸಿದಳು, ಸಣ್ಣದೊಂದು ತುತ್ತು ಮಾಡಿ ಬಾಯಿಗಿಟ್ಟಳು. ಎದುರಿಗೆ ಶಿವನಂಜಪ್ಪನ ಕೈ ಒಣಗುತ್ತಿತ್ತು. ಅವಳ ತಟ್ಟೆಯಲ್ಲಿ ಇನ್ನೂ ಅರ್ಧಕ್ಕರ್ಧ ಅನ್ನವಿತ್ತು, ಅವನು ಏಳಲಿಲ್ಲ.