ನೇರಳೆ ಬೆರಳಿನ ಮಾನಪ್ಪ

ಮಾನಪ್ಪನವರ ಬಲಗೈಯ ತೋರುಬೆರಳು ವರ್ಷದ ಮುನ್ನೂರು ದಿನ ನೇರಳೆ ಬಣ್ಣದಲ್ಲಿರುತ್ತದೆ. ಮತದಾನದ ದಿನ ನಮ್ಮ ಬೆರಳಿಗೆ ಬೀಳುವ, ನಾವು ಫೋಟೊ ತೆಗೆದು ಊರಿಗೆಲ್ಲ ತೋರಿಸುವ ಆ ಒಂದು ಗೆರೆಯಲ್ಲ. ಉಗುರಿನ ಸಂದಿಯಿಂದ ಮೊದಲ ಗೆಣ್ಣಿನವರೆಗೆ ಹಬ್ಬಿದ, ಸಾಬೂನಿಗೆ ಜಗ್ಗದ, ಪದರಪದರವಾಗಿ ಹಳತಾದ ಬಣ್ಣ. ಅದು ಸರ್ಕಾರಿ ಮೊಹರಿನ ಮಸಿ. ಅರ್ಜಿಯ ನಕಲಿನ ಮೇಲೆ ಸ್ವೀಕೃತಿಯ ಮೊಹರು ಬಿದ್ದ ಸದ್ದು ಕೇಳಿದ ಕೂಡಲೇ ಅವರು ಬೆರಳನ್ನು ಅದರ ಮೇಲಿಟ್ಟು, ಹಸಿಯಾಗಿದೆಯೇ ಎಂದು ಪರೀಕ್ಷಿಸಿ, ಮೂಗಿನ ಬಳಿ ತಂದು ವಾಸನೆ ಹಿಡಿದು, ಆಮೇಲಷ್ಟೇ "ಬಿತ್ತು" ಎನ್ನುತ್ತಾರೆ. ಹುಟ್ಟಿದಾಗಿನಿಂದ ಬೆಳಕು ಕಾಣದ ಅವರಿಗೆ ಆ ಬೆರಳೇ ಓದುವ ಕಣ್ಣು. ಆ ಕಣ್ಣಿಗೆ ದಿನವೂ ಕಾಡಿಗೆ ತೀಡುವವರು ನಮ್ಮಂಥ ಗುಮಾಸ್ತರು ಎಂದು ನಾನೊಮ್ಮೆ ಕಾವ್ಯಾವೇಶದಲ್ಲಿ ಹೇಳಿದಾಗ, "ಒಂದ ತಟಗ ಕಾಡಿಗಿ ಹಚ್ಚಾಕ ಎಷ್ಟ ಸತಾಯಸ್ತೀರಪ್ಪಾ" ಎಂದು ನಕ್ಕಿದ್ದರು.

ಗುಮಾಸ್ತ ಎಂದದ್ದು ನನ್ನ ದೊಡ್ಡಸ್ತಿಕೆ. ಹೆಸರು ಬೇಡದ ಒಂದು ಕಚೇರಿಯ ಟಪಾಲು ಮೇಜಿನಲ್ಲಿ ಕೂರುವ ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ನಾನು. ಕೊರಳಲ್ಲಿ ತೂಗುವ ದಾರ ಸರ್ಕಾರದ್ದು, ತುದಿಯ ಕಾರ್ಡು ಗುತ್ತಿಗೆದಾರನದು. ಊರಲ್ಲಿ ಅವ್ವ ನಾಲ್ಕು ಮಂದಿಯ ಮುಂದೆ "ನಮ್ಮ ಹುಡುಗ ಆಫೀಸಿನ್ಯಾಗ ಅದಾನ" ಎಂದು ಹೆಮ್ಮೆಪಡುವಾಗ ನನಗೆ ಎಲ್ಲಿಲ್ಲದ ಕೆಮ್ಮು ಬರುತ್ತದೆ. ನನ್ನ ಆಳ್ವಿಕೆಗೆ ಒಳಪಟ್ಟ ಸಾಮ್ರಾಜ್ಯವೆಂದರೆ ಒಂದು ಮೊಹರು ಮತ್ತು ಅದರ ಮಸಿಡಬ್ಬಿ. ಚಿಕ್ಕ ಸಾಮ್ರಾಜ್ಯದ ದೊರೆಗಳಿಗೆ ಗರ್ವ ಹೆಚ್ಚು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ, ಬಾಗಿಲಿಗೆ ಬಿಳಿಕೋಲು ಎರಡು ಸಲ ತಟ್ಟಿದ ಸದ್ದಾಯಿತು. ಬೆನ್ನಿಗೇ ಒಂದು ಘೋಷಣೆ.

"ಮಾನಪ್ಪ ಬಂದಾನ್ರಿ!"

ಐವತ್ತು ದಾಟಿದ, ತೆಳ್ಳಗೆ ಎತ್ತರದ ಆಳು. ಮುಂದೇನಿದೆಯೋ ಎಂದು ಹಿಂಜರಿಯುವ ನಡಿಗೆಯಲ್ಲ. ಎದುರಿಗೆ ಏನಿದ್ದರೂ ಅದೇ ಸರಿಯಬೇಕು ಎನ್ನುವಂತೆ ಎದೆ ಮುಂದೆ ಮಾಡಿ ನಡೆಯುವ ರೀತಿ. ಕಿಸೆಯಲ್ಲಿ ಪೆನ್ನಿನ ಜಾಗದಲ್ಲಿ ಬ್ರೈಲ್ ಚುಕ್ಕೆ ಒತ್ತುವ ಮೊಳೆ. ಅದರ ಪಕ್ಕ, ತಲೆಕೆಳಗಾಗಿ ಚುಚ್ಚಿಕೊಂಡ ಯಾವುದೋ ಸಂಘದ ಬಿಲ್ಲೆ. ನಾನು ಮಾತಾಡದೆ ನೋಡುತ್ತ ಕೂತಿದ್ದೆ.

"ಇಲ್ಲಿ ಯಾರದೀರಿ?"

"ನಾನ್ರಿ."

"ನಾನು ಅನ್ನಾವ್ರು ನಾಕೂ ತಾಲೂಕಿನ್ಯಾಗ ತುಂಬ್ಯಾರ. ಹೆಸರ ಹೇಳ್ರಿ. ಸುಮ್ಮ ಕುಂತ್ರ ಗ್ವಾಡಿನೂ ಕುಂತಿರತೈತಿ."

ಸುನೀಲಕುಮಾರ ಎಂದೆ, ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ಅಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಆ ನಾಲ್ಕು ತಾಲ್ಲೂಕು ಯಾವುವೆಂದು ಅವರೇ ತಿಳಿಸಿದರು: ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಗುರುವಾರ ಮುದ್ದೇಬಿಹಾಳ, ಶುಕ್ರವಾರ ಬಸವನ ಬಾಗೇವಾಡಿ. ರಾಜ್ಯದ ಅಂಧರ ಸಂಘಕ್ಕೆ ಈ ನಾಲ್ಕಕ್ಕೂ ಅವರೊಬ್ಬರೇ ಸಂಘಟಕರು. ಹೂವಿನ ಹಿಪ್ಪರಗಿಯ ಒಂದು ಕೋಣೆಯ ಮನೆಯಿಂದ ಬೆಳಗಿನ ಬಸ್ಸಿಗೆ ಹೊರಟು ಸಂಜೆಯ ಬಸ್ಸಿಗೆ ಮರಳುವ ಈ ಮನುಷ್ಯ, ಪರೀಕ್ಷೆಗೆ ಬರೆದುಕೊಡುವವರು ಸಿಗದ ವಿದ್ಯಾರ್ಥಿಗೆ, ಬಸ್ ಪಾಸು ನವೀಕರಣವಾಗದ ಹಾಡುಗಾರನಿಗೆ, ಬ್ರೈಲ್ ಮತಪತ್ರ ಇಡದ ಮತಗಟ್ಟೆಗೆ, ಒಟ್ಟಿನಲ್ಲಿ ಎಲ್ಲದಕ್ಕೂ ಅರ್ಜಿ ಬರೆಯುತ್ತಿದ್ದರು. ಬರೆಯುವುದು ಬ್ರೈಲಿನಲ್ಲಿ, ಆಮೇಲೆ ಝೆರಾಕ್ಸ್ ಅಂಗಡಿಯಲ್ಲಿ ಓದಿ ಹೇಳಿ ಟೈಪು ಮಾಡಿಸುತ್ತಿದ್ದರು.

ಅಂದು ತಂದ ಅರ್ಜಿ ಮಾತ್ರ ವಿಚಿತ್ರವಾಗಿತ್ತು. ಇಂಥ ಹಳ್ಳಿಯ ಇಂಥ ಓಣಿಯ ಮೂರನೆಯ ಮನೆಯಲ್ಲಿ ಒಬ್ಬ ಅಂಧ ಹೆಣ್ಣುಮಗಳಿದ್ದಾಳೆ, ಮನೆಯವರು ಹೊರಗೆ ಬಿಡುತ್ತಿಲ್ಲ, ಅಧಿಕಾರಿಗಳು ಅಲ್ಲಿಗೆ ಹೋಗಿ ಅವಳಿಗೆ ಗುರುತಿನ ಚೀಟಿ ಮಾಡಿಸಬೇಕು ಎಂದಿತ್ತು. ಹೆಸರಿನ ಜಾಗ ಖಾಲಿ. ಹೆಸರಿಲ್ಲದ್ದನ್ನು ಕಂಪ್ಯೂಟರಿಗೆ ತುಂಬುವುದು ಹೇಗೆ? ಡಬ್ಬಿಯಲ್ಲಿ ಪಲ್ಯ ಆರುತ್ತಿತ್ತು. ಕಣ್ಣಿಲ್ಲದವರಿಗೆ ಸದ್ದೊಂದು ಸಾಕು ಎಂಬ ನೀಚ ಜಾಣತನದಲ್ಲಿ ನಾನು ಮಸಿಗೆ ಮುಟ್ಟಿಸದ ಮೊಹರನ್ನು ಕಾಗದದ ಮೇಲೆ ಧಡ್ಡನೆ ಒತ್ತಿದೆ.

ಬೆರಳು ಬಂತು, ಕಾಗದವನ್ನು ಸವರಿತು, ಮೂಗಿಗೆ ಹೋಯಿತು.

"ಶಿಕ್ಕಾ ಇವತ್ತ ಉಪಾಸ ಐತೇನ್ರಿ, ಸುನೀಲಕುಮಾರ?"

ಸಿಟ್ಟಿನಿಂದ ಕೇಳಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಕ್ಷೇಮಸಮಾಚಾರ ಕೇಳುವ ದನಿಯಲ್ಲಿ ಕೇಳಿದರು. ಮಸಿ ತುಂಬಿದ ಮೊಹರನ್ನು ಮೂರು ಸಲ ಒತ್ತಿದೆ. "ಒಂದ ಸಾಕ್ರಿ" ಎಂದರು.

ಹದಿನೈದು ದಿನಕ್ಕೆ ಆ ಅರ್ಜಿಗೆ ಉತ್ತರ ಹೋಯಿತು: ಫಲಾನುಭವಿಯ ಹೆಸರು ನಮೂದಿಸಿಲ್ಲವಾದ ಕಾರಣ ಪರಿಗಣಿಸಲು ಬರುವುದಿಲ್ಲ. ಟೈಪು ಮಾಡಿದವನು ನಾನೇ. ಅಕ್ಷರದೋಷ ಒಂದೂ ಇರಲಿಲ್ಲ.

ಆಮೇಲೆ ಅವರು ಬಂದಾಗಲೆಲ್ಲ ನನ್ನ ಮೇಜಿನ ಬಳಿ ಹತ್ತು ನಿಮಿಷ ಕೂರುವುದು ರೂಢಿಯಾಯಿತು. ಪ್ರಾಯಶ್ಚಿತ್ತಕ್ಕೆಂದು ಚಹಾ ತರಿಸುತ್ತಿದ್ದೆ. ಬಸ್ಸಿನಲ್ಲಿ ನಿಲ್ದಾಣದ ಹೆಸರು ಕೂಗಬೇಕೆಂಬ ಸಂಘದ ಬೇಡಿಕೆಯನ್ನು ಅವರು ನನಗೆ ವಿವರಿಸುತ್ತಿದ್ದರು. ಮನಗೂಳಿಯಲ್ಲಿ ಇಳಿಯಬೇಕಾದವರು ಎರಡು ಊರು ದಾಟಿ, ಬಟಾಬಯಲಲ್ಲಿ ಇಳಿದು, ಒಂದು ಗಾಡಿ ಬರುವವರೆಗೆ ಮೂರು ತಾಸು ಬೇವಿನ ಗಿಡದ ಜೊತೆ ಮಾತಾಡುತ್ತ ನಿಂತ ಕಥೆಯನ್ನು ಹೇಳುತ್ತಿದ್ದ ಒಂದು ದಿನ, ಒಳಗಿನಿಂದ ಸಾಹೇಬರು ಕೈಸನ್ನೆಯಲ್ಲಿ ಕರೆದರು. ನಾನು ಸದ್ದಿಲ್ಲದೆ ಎದ್ದು ಹೋದೆ. ಇಪ್ಪತ್ತು ನಿಮಿಷ ಬಿಟ್ಟು ಬಂದು ನೋಡಿದರೆ, ಮಾನಪ್ಪನವರು ನನ್ನ ಖಾಲಿ ಕುರ್ಚಿಯ ಎದುರು ಗಾಳಿಯಲ್ಲಿ ಕೈಯಾಡಿಸಿ ಕೈಯಾಡಿಸಿ ಆ ಗಿಡದ ಕಥೆ ಹೇಳುತ್ತಲೇ ಇದ್ದರು. ಆಚೆ ಮೇಜಿನವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಕುರ್ಚಿ ಎಳೆದ ಸದ್ದಿಗೆ ಅವರ ಮಾತು ನಿಂತಿತು. ಮುಖ ನೋಡನೋಡುತ್ತಲೇ ಮುಪ್ಪಾಯಿತು.

"ಎದ್ದ ಹೋಗಿದ್ಯೇನ ತಮ್ಮಾ?"

"ಸಾಹೇಬ್ರು ಕರದ್ರು, ಕಾಕಾ."

"ನಮ್ಮ ಸಂಘದಾಗ ಒಂದ ಪದ್ಧತಿ ಐತಿ. ಬಂದವ್ರು ಬಂದೇನಿ ಅನಬೇಕು, ಹೋಗಾವ್ರು ಹೊಂಟೇನಿ ಅನಬೇಕು. ಇಲ್ಲಂದ್ರ ಮಂದಿ ಜೋಡಿ ಮಾತಾಡಾಕತ್ತೇನೋ ಕುರ್ಚಿ ಜೋಡಿ ಮಾತಾಡಾಕತ್ತೇನೋ ತಿಳಿಯಂಗಿಲ್ಲ." ಚಹಾದ ಲೋಟ ಮೇಜಿನ ಮೇಲಿಟ್ಟು, "ಕುರ್ಚಿ ಜೋಡಿ ಭಾಳ ಮಾತಾಡೇನಿ ಬಿಡು" ಎಂದರು.

ಆ ಮಾತಿನ ಭಾರ ತಡೆಯಲಾರದೆ ನಾನು ಬೇರೆ ವಿಷಯ ಹುಡುಕಿದೆ. ಸಿಕ್ಕದ್ದು ತಲೆಕೆಳಗಾದ ಬಿಲ್ಲೆ. ಇಷ್ಟು ದಿನ ಹೇಳದೆ ಇದ್ದುದನ್ನು ಹೇಳಿದೆ. ಅವರು ಅದನ್ನು ಮುಟ್ಟಿಯೂ ನೋಡಲಿಲ್ಲ. "ಅದು ಕಣ್ಣಿದ್ದವ್ರ ಸಲುವಾಗಿ ಹಚ್ಚಿದ್ದು. ನಿಮ್ಮ ಸಾಮಾನ, ನೀವ ನೋಡ್ಕೋರಿ."

ಅದೇ ದಿನ ನಾನು ಅವರ ಸದಸ್ಯರ ಪಟ್ಟಿಯನ್ನು ಮೊದಲ ಸಲ ನೋಡಿದ್ದು. ದಪ್ಪ ಹಾಳೆಗಳಿಗೆ ದಾರ ಪೋಣಿಸಿ ಬಟ್ಟೆ ಸುತ್ತಿದ ಕಟ್ಟು ಅದು. ನಾಲ್ಕು ತಾಲ್ಲೂಕಿನ ಅಂಧರ ಹೆಸರುಗಳೆಲ್ಲ ಅದರಲ್ಲಿ ಚುಕ್ಕೆಗಳಾಗಿ ಮಲಗಿದ್ದವು. ಮಸಿಬೆರಳು ದಿನವೂ ಓಡಾಡಿದ್ದರಿಂದ ಸಾಲುಗಳೆಲ್ಲ ತಿಳಿನೇರಳೆಯಾಗಿದ್ದವು. ಯಾವ ಹೆಸರನ್ನು ಹೆಚ್ಚು ಓದಿದ್ದರೋ ಆ ಸಾಲು ಹೆಚ್ಚು ಗಾಢ. ಅವರ ಮನಸ್ಸು ಎಲ್ಲೆಲ್ಲಿ ನಿಂತಿತ್ತೆಂಬುದು ಅವರಿಗೇ ಕಾಣದಂತೆ ಕಾಗದದ ಮೇಲೆ ಬಣ್ಣವಾಗಿ ಇಳಿದಿತ್ತು. ಒಂದು ಹಾಳೆಯ ನಡುವೆ ಮಾತ್ರ ನೇರಳೆ ಕಪ್ಪಿಗೆ ತಿರುಗಿತ್ತು. ನನಗೆ ಬ್ರೈಲ್ ಬಾರದು. ಆದರೆ ಅಲ್ಲಿ ಚುಕ್ಕೆಗಳೇ ಇಲ್ಲವೆಂದು ತಿಳಿಯಲು ಬ್ರೈಲ್ ಬೇಕಿರಲಿಲ್ಲ.

ಅವರ ಬೆರಳನ್ನು ಆ ಜಾಗಕ್ಕೆ ಒಯ್ದು, "ಇಲ್ಲೇನೈತಿ ಕಾಕಾ?" ಎಂದೆ.

"ಏನೂ ಇಲ್ಲ. ಅಲ್ಲೊಂದು ಹೆಸರು ಬರಬೇಕಾಗೇತಿ."

ಅದು ಆ ಹಳೆಯ ಅರ್ಜಿಯ ಮೂರನೆಯ ಮನೆಯ ಹುಡುಗಿಗೆಂದು ಬಿಟ್ಟ ಜಾಗ. ಮೂರು ವರ್ಷದಲ್ಲಿ ಅವರು ಆ ಮನೆಗೆ ಏಳು ಸಲ ಹೋಗಿದ್ದರು. ಪ್ರತಿ ಸಲವೂ ಅಂಗಳದಲ್ಲಿ ನಿಂತು ತಮ್ಮ ಹೆಸರು ಹೇಳುತ್ತಿದ್ದರು. ಒಳಗೆ ಶೇಂಗಾ ಒಡೆಯುತ್ತಿದ್ದ ಸದ್ದು ಥಟ್ಟನೆ ನಿಲ್ಲುತ್ತಿತ್ತು. ಮನೆಯ ಸೊಸೆ ಕಾಶಿಬಾಯಿ ಹೊರಗೆ ಬಂದು "ಅಂಥವ್ರು ನಮ್ಮ ಮನ್ಯಾಗ ಯಾರೂ ಇಲ್ರಿ" ಎನ್ನುತ್ತಿದ್ದಳು. ರೇಷನ್ ಚೀಟಿಯಲ್ಲಿ ಆ ಹುಡುಗಿ ಇರಲಿಲ್ಲ, ಶಾಲೆಯ ದಾಖಲೆಯಲ್ಲಿ ಇರಲಿಲ್ಲ. ಊರವರು ಅವಳನ್ನು ಕರೆಯುವ ಹೆಸರು ಒಂದಿತ್ತು. "ಅದು ನನಗ ಗೊತ್ತೈತಿ. ನನ್ನನ್ನೂ ಸಣ್ಣಾಂವ ಇದ್ದಾಗ ಹಂಗ ಕರೀತಿದ್ರು. ಅದನ್ನ ನಾ ಬರಿಯಾಂವಲ್ಲ" ಎಂದರು ಮಾನಪ್ಪನವರು.

ಎಂಟನೆಯ ಸಲಕ್ಕೆ ನನ್ನ ಬೈಕಿನಲ್ಲಿ ಹೋದೆವು. ಕಾಶಿಬಾಯಿ ಅಂಗಳದಲ್ಲೇ ತಡೆದಳು.

"ಮತ್ತ ಬಂದ್ರೇನ್ರಿ? ಲಗ್ನಕ್ಕ ಬಂದ ನನ್ನ ಮಗಳು ಮನ್ಯಾಗ ಅದಾಳ. ನಿಮ್ಮ ಬಡಿಗಿ ಸಪ್ಪಳ ಕೇಳಿದ್ರ ಬೀಗರಾಗಾವ್ರು ಓಣ್ಯಾಗಿಂದನ ಹೊಳ್ಳಿ ಹೋಗ್ತಾರ. ಒಳಗ ಯಾರೂ ಇಲ್ಲಂದ್ನಲ್ಲ."

"ಇಲ್ಲಂದ್ರ ಇಲ್ಲ ತಂಗೀ. ನಿಮ್ಮ ಗ್ವಾಡಿಗೆ ನಾಕ ಮಾತ ಹೇಳಿ ಹೋಗ್ತೇನಿ."

ಹೇಳಿ, ಗೋಡೆಯತ್ತ ತಿರುಗಿ, ತರಗತಿಯಲ್ಲಿ ಪಾಠ ಹೇಳುವಷ್ಟು ಗಟ್ಟಿಯಾಗಿ ನುಡಿದರು: ಮುಂದಿನ ತಿಂಗಳ ಮೂರನೇ ಗುರುವಾರ ಮುದ್ದೇಬಿಹಾಳದಲ್ಲಿ ಗುರುತಿನ ಚೀಟಿಯ ಶಿಬಿರವಿದೆ, ಚೀಟಿಯಾದರೆ ಕೋಲು ಸಿಗುತ್ತದೆ, ಓದು ಕಲಿಸುವ ವಸತಿ ತರಬೇತಿಗೆ ಸೇರಬಹುದು, ತಾವು ಬೆಳಗಿನಿಂದ ಅಲ್ಲೇ ಕೂತಿರುತ್ತಾರೆ. "ಬಂದ್ರ ಹೆಸರ ಹೇಳು ಮತ್ತ. ಸುಮ್ಮ ನಿಂತ್ರ ನನಗ ತಿಳಿಯಂಗಿಲ್ಲವ್ವಾ."

ಒಳಗೆ ಶೇಂಗಾ ಒಡೆಯುವ ಸದ್ದು ನಿಂತೇ ಇತ್ತು. ನಾವು ಓಣಿ ದಾಟುವವರೆಗೂ ಮತ್ತೆ ಶುರುವಾಗಲಿಲ್ಲ.

ಮೂರನೇ ಗುರುವಾರ ನಾನು ರಜೆ ಹಾಕಿ ಹೋದೆ. ಒಂದು ದಿನದ ಕೂಲಿ ಕತ್ತರಿಸಿಕೊಂಡು ಮಹಾತ್ಯಾಗಿಯ ಮುಖದಲ್ಲಿ ಬೆಂಚಿನ ಮೇಲೆ ಕೂತೆ. ಮಾನಪ್ಪನವರು ಶಿಬಿರದ ಕಟ್ಟಡದ ಜಗಲಿಯ ಕಂಬಕ್ಕೆ ಒರಗಿ, ಮಡಿಲಲ್ಲಿ ಪಟ್ಟಿಯ ಕಟ್ಟು ಇಟ್ಟುಕೊಂಡು, ಒಂದೊಂದು ಹೆಜ್ಜೆಯ ಸದ್ದಿಗೂ ಮುಖವೆತ್ತುತ್ತಿದ್ದರು. ಬಂದವರು ಹೆಸರು ಹೇಳಿದರು, ಹೋದರು. ಮಧ್ಯಾಹ್ನವಾಯಿತು. ಊಟಕ್ಕೆ ಎಬ್ಬಿಸಿದರೆ ಏಳಲಿಲ್ಲ. "ಅಷ್ಟರಾಗ ಬಂದು ಹೊಳ್ಳಿ ಹೋದ್ರ?" ಎಂದರು. ನಾಲ್ಕಾಯಿತು. ಸಿಬ್ಬಂದಿ ಕುರ್ಚಿ ಎತ್ತಿಡತೊಡಗಿದರು.

ಆಗ ಗೇಟಿನಲ್ಲಿ ಕಾಶಿಬಾಯಿ ಕಂಡಳು. ಅವಳ ಸೆರಗು ಹಿಡಿದು, ಹೊಸ ಚಪ್ಪಲಿಯಲ್ಲಿ ಕಾಲು ಎಳೆಯುತ್ತ, ಇಪ್ಪತ್ತು ದಾಟಿದ ಹುಡುಗಿಯೊಬ್ಬಳು. ಜಗಲಿಯ ಮೇಲೆ, ಮಾನಪ್ಪನವರಿಂದ ಎರಡು ಮಾರು ದೂರದಲ್ಲಿ ಬಂದು ನಿಂತರು. ಮೂರು ವರ್ಷ ಒಬ್ಬರನ್ನೊಬ್ಬರು ಗೋಡೆಯಾಚೆಯಿಂದ ಕೇಳಿಸಿಕೊಂಡವರು ಈಗ ಎದುರುಬದುರು ನಿಂತಿದ್ದಾರೆ, ಇಬ್ಬರಿಗೂ ಅದು ತಿಳಿದಿಲ್ಲ, ಕಾಶಿಬಾಯಿಯನ್ನು ಬಿಟ್ಟರೆ ತಿಳಿದವನು ನಾನೊಬ್ಬನೇ. ಬಾಯಿ ತೆರೆದೆ. ಮುಚ್ಚಿಕೊಂಡೆ. ನನ್ನ ಜೀವಮಾನದಲ್ಲಿ ಸುಮ್ಮನಿದ್ದು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಕುರ್ಚಿಯೊಂದು ಎಲ್ಲೋ ಕಿರುಗುಟ್ಟಿತು. ಹುಡುಗಿ ಎರಡು ಸಲ ಉಸಿರೆಳೆದುಕೊಂಡಳು.

"ದಾನೇಶ್ವರಿ..." ಹಿಡಿದಿದ್ದ ಸೆರಗು ಬಿಟ್ಟಳು. "ದಾನೇಶ್ವರಿ ಬಂದಾಳ್ರಿ!"

ಮಾನಪ್ಪನವರು ಕಟ್ಟು ಬಿಚ್ಚಿದರು, ಹಾಳೆ ಹುಡುಕಿದರು, ಬ್ರೈಲ್ ಬರೆಯುವ ಹಲಗೆಯ ನಡುವೆ ಅದನ್ನು ಸಿಕ್ಕಿಸಿ, ಕಿಸೆಯ ಮೊಳೆ ತೆಗೆದರು. ಟಕ್, ಟಕ್, ಟಕ್. ಕಾಶಿಬಾಯಿ ಸುಮ್ಮನಿರಲಾರದೆ, "ನೀವೇನ ಗ್ವಾಡಿಗೆ ಹೇಳಿ ಹೋದ್ರಿ, ಕರಕೊಂಡ ಹೋಗಂತ ತಿಂಗಳಾತು ನನ್ನ ತಲಿ ತಿಂದಾಳ. ನಾಕ ದಿನ ಉಣ್ಣಲೇ ಇಲ್ಲ ಹಟಮಾರಿ" ಎಂದಳು. ಬೈಗುಳದ ತುದಿಯಲ್ಲಿ ಹುಡುಗಿಯ ತಲೆಯ ಮೇಲಿನ ಧೂಳು ಕೊಡವಿದಳು.

ಹಾಳೆ ತಿರುವಿ, ದಾನೇಶ್ವರಿಯ ಬೆರಳನ್ನು ಹೊಸ ಚುಕ್ಕೆಗಳ ಮೇಲಿಟ್ಟು ಮಾನಪ್ಪನವರು ಹೇಳಿದರು: "ಇದು ನೀ, ನೋಡವಾ."

"ಇಷ್ಟ ಸಣ್ಣದೇನ್ರಿ?"

"ಸಣ್ಣದೆಲ್ಲೈತಿ? ಗೆರಿ ತುಂಬೇತಿ."

ಎತ್ತಿಟ್ಟ ಕುರ್ಚಿಗಳನ್ನು ಮತ್ತೆ ಇಳಿಸಿ ಸಿಬ್ಬಂದಿ ಅವಳ ಅರ್ಜಿ ತುಂಬಿದರು. ನಕಲಿನ ಮೇಲೆ ಮೊಹರು ಬಿತ್ತು, ಬೆರಳು ಅದನ್ನು ಪರೀಕ್ಷಿಸಿತು. ಆಮೇಲೆ ಮಾನಪ್ಪನವರು ತರಬೇತಿಯ ವಿಷಯ ಹೇಳತೊಡಗಿದರು. ಅಲ್ಲಿ ಏನು ಕಲಿಸುತ್ತಾರೆ, ಕೋಲು ಹಿಡಿಯುವುದು ಹೇಗೆ, ಬಸ್ಸಿನಲ್ಲಿ ಕಂಡಕ್ಟರನಿಗೆ ಮೊದಲು ಏನು ಹೇಳಬೇಕು. ನಡುವೆ ಊರ ಕಡೆಯ ಟಂಟಂ ಆಟೊ ಹಾರ್ನ್ ಹೊಡೆಯಿತು. ಕಾಶಿಬಾಯಿ ಹುಡುಗಿಯ ರಟ್ಟೆ ಹಿಡಿದು ಎಳೆದುಕೊಂಡು ಓಡಿದಳು. ಸಿಬ್ಬಂದಿಯೂ ಆಗಲೇ ಹೊರಬಿದ್ದಿದ್ದರು. ಮಾನಪ್ಪನವರ ಮಾತು ಖಾಲಿ ಜಗಲಿಯ ಮೇಲೆ ಹರಿಯುತ್ತಲೇ ಇತ್ತು.

"ಹೋದ್ಲು ಕಾಕಾ," ಎಂದೆ. "ಟಂಟಂ ಹೊಂಟಿತ್ತು."

ಅವರ ಕೈ ಗಾಳಿಯಲ್ಲೇ ನಿಂತಿತು. ಮುಖಕ್ಕೆ ಆ ಹಳೆಯ ಮುಪ್ಪು ಬರಬಹುದೆಂದು ನಾನು ಕಾದೆ. ಅವರು ಪಟ್ಟಿಯ ಕಟ್ಟಿಗೆ ಬಟ್ಟೆ ಸುತ್ತಿ ಗಂಟು ಹಾಕಿದರು.

"ಬಂದೇನಿ ಅನ್ನೂದು ಇವತ್ತ ಕಲ್ತಾಳ. ಹೊಂಟೇನಿ ಅನ್ನೂದು ಮುಂದ ಕಲೀತಾಳ."

ಎದ್ದು, ಮಡಚಿದ ಕೋಲು ಬಿಚ್ಚಿ, ಯಾರೂ ಇಲ್ಲದ ಜಗಲಿಗೆ "ಮಾನಪ್ಪ ಹೊಂಟಾನ್ರಿ" ಎಂದು ಹೇಳಿ ಹಿಪ್ಪರಗಿಯ ದಾರಿಯ ಬಸ್ಸಿಗೆ ನಡೆದರು. "ಹೂಂ ಕಾಕಾ, ಹೋಗಿ ಬರ್ರಿ" ಎಂದು ನಾನು ಜಗಲಿಯ ಪರವಾಗಿ ಉತ್ತರ ಕೊಟ್ಟೆ.

ತಾಲ್ಲೂಕಿಗೊಬ್ಬರಾದರೂ ಇಂಥವರು ಇರುತ್ತಾರೆ. ಅಥವಾ ನಾಲ್ಕು ತಾಲ್ಲೂಕಿಗೆ ಒಬ್ಬರು. ಬರುವಾಗ ಹೇಳಿ ಬರುತ್ತಾರೆ, ಹೋಗುವಾಗ ಹೇಳಿ ಹೋಗುತ್ತಾರೆ, ನಡುವಿನ ಹೊತ್ತನ್ನೆಲ್ಲ ಇನ್ನೊಬ್ಬರ ಹೆಸರಿಗೆಂದು ಬಿಟ್ಟ ಖಾಲಿ ಜಾಗದ ಮೇಲೆ ಬೆರಳಿಟ್ಟು ಕಳೆಯುತ್ತಾರೆ. ಹತ್ತಿರದಲ್ಲಿ ಯಾರೂ ಇಲ್ಲದೆ ಅವರು ಒಂಟಿಯಾದದ್ದಲ್ಲ. ಇದ್ದ ನಾವು ಇದ್ದೇವೆಂದು ಹೇಳದೆ, ಒಂದು ಮುಗುಳ್ನಗೆಯಲ್ಲಿ, ಒಂದು ತಲೆದೂಗಿನಲ್ಲಿ ನಮ್ಮ ಹಾಜರಿ ಮುಗಿಯಿತೆಂದು ತಿಳಿದು ಎದ್ದುಹೋದದ್ದರಿಂದ ಒಂಟಿಯಾದರು. ಆದರೂ ಖಾಲಿ ಕುರ್ಚಿಯೊಂದಿಗೆ ಆಡಿದ ಮಾತು ವ್ಯರ್ಥವೆಂದು ಅವರು ನಂಬುವುದಿಲ್ಲ. ಕುರ್ಚಿಯಾಚೆ ಒಂದು ಗೋಡೆ, ಗೋಡೆಯಾಚೆ ಶೇಂಗಾ ಒಡೆಯುವುದನ್ನು ನಿಲ್ಲಿಸಿ ಕೇಳುತ್ತಿರುವ ಒಂದು ಜೀವ ಇದ್ದೀತೆಂದು, ಅವರು ತಮ್ಮ ಹೆಸರನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳುತ್ತಾರೆ.