ನುಗ್ಗೆ ಮರವೋ ಗಿಡವೋ

ನುಗ್ಗೆಯನ್ನು ಸೃಷ್ಟಿಸುವಾಗ ದೇವರು ಅವಸರದಲ್ಲಿದ್ದಿರಬೇಕು. ಎಲೆ, ಹೂವು, ಕಾಯಿ ಎಲ್ಲವನ್ನೂ ತಿನ್ನಲು ಕೊಟ್ಟ. ಇದು ಮರವೋ ಗಿಡವೋ ಎಂದು ಹೇಳುವುದನ್ನು ಮಾತ್ರ ಮರೆತ. ಆ ಮರೆವಿನಿಂದ ದರ್ಜಿ ಅಕ್ಕನಿಗೆ ಆದ ಫಜೀತಿ ಇದು.

ಅಕ್ಕನ ಹೊಲಿಗೆ ಕೋಣೆಯ ಹಿಂದೆ, ಹಿತ್ತಲ ಗೋಡೆಗೆ ಒತ್ತಿಕೊಂಡು, ಅವಳೇ ನೆಟ್ಟ ನುಗ್ಗೆ ಬೆಳೆದಿತ್ತು. ಒಳಗೆ ಮಗಳು ಬಾಣಂತಿ. ಬೇರೇನೂ ಸೇರದ ಅವಳಿಗೆ ಬೇಯಿಸಿದ ನುಗ್ಗೆಸೊಪ್ಪೊಂದೇ ಗಂಟಲಲ್ಲಿ ಇಳಿಯುತ್ತಿತ್ತು.

ಗೋಡೆಯಾಚೆ ಔಷಧಿ ಅಂಗಡಿಯವರ ಮನೆ. ಅಂಗಡಿಯಲ್ಲಿ ಅವರು ನುಗ್ಗೆಸೊಪ್ಪಿನ ಪುಡಿಯನ್ನು ಬಾಟಲಿಯಲ್ಲಿಟ್ಟು, ಅದರ ಮಹಿಮೆಯನ್ನು ಕಣ್ಣು ಮುಚ್ಚಿಕೊಂಡು ವರ್ಣಿಸಿ ಮಾರುತ್ತಿದ್ದರು. ಅದೇ ಎಲೆ ಅವರ ಹೊಸ ಕಾರಿನ ಮೇಲೆ ಉದುರಿದರೆ ಕಸ. ಕಡಿಸಿಬಿಡಿ ಎಂದು ಅಕ್ಕನಿಗೆ ಹೇಳಿ ನೋಡಿದರು, ಅವಳು ಜಪ್ಪಯ್ಯ ಅನ್ನಲಿಲ್ಲ. ಗೋಡೆ ದಾಟಿ ಚಾಚಿದ್ದು ಗಿಡವಾದರೆ ಪಕ್ಕದವರು ಬುಡಕ್ಕೇ ಕಡಿಯಬಹುದು, ಮರವಾದರೆ ಮುಟ್ಟುವಂತಿಲ್ಲ ಎಂಬುದು ಆ ಊರಿನ ಕಾನೂನು. ಅಂಗಡಿಯವರು ಅರ್ಜಿ ಕೊಟ್ಟರು; ತೀರ್ಮಾನಿಸಲು ಕಚೇರಿಯಿಂದ ‘ಮರದ ಸಾಹೇಬರು’ ಬಂದರು.

ಸಾಹೇಬರು ಬೊಡ್ಡೆಯನ್ನು ತಬ್ಬಿ ನೋಡಿದರು, ಕತ್ತೆತ್ತಿ ತುದಿ ನೋಡಿದರು. ಮರ ಎಂಬ ಮಾತು ಅವರ ನಾಲಿಗೆಯ ತುದಿಗೇ ಬಂದಿತ್ತು. ಶಾಸ್ತ್ರಕ್ಕೆಂದು, ಇದು ಯಾರದಮ್ಮಾ ಎಂದು ಕೇಳಿದರು.

ಅಕ್ಕ ಕೈಮುಗಿದು, “ನಮ್ದೇ ಸಾರ್. ನಾನೇ ನೆಟ್ಟ ನುಗ್ಗೆಗಿಡ” ಅಂದಳು.

“ಕೇಳಿದ್ರಾ ಸಾರ್? ಯಜಮಾನ್ತಿ ಬಾಯಲ್ಲೇ ಬಂತು” ಅಂದರು ಅಂಗಡಿಯವರು.

“ಅದು ಮಾತಿಗೆ ಅನ್ನೋದು ಸಾರ್. ತೆಂಗಿನಗಿಡ ಅನ್ನಲ್ವಾ? ಹಾಗಂತ ಏಣಿ ಇಲ್ದೆ ಅದರ ಕಾಯಿ ಕೈಗೆ ಸಿಗುತ್ತಾ?”

“ತೆಂಗಿನ ವಿಷಯ ಬಂದಾಗ ನೋಡೋಣಮ್ಮ” ಎಂದು ಸಾಹೇಬರು ಅದೇ ನುಗ್ಗೆಯ ನೆರಳಲ್ಲಿ ನಿಂತು ಬೆವರು ಒರೆಸಿಕೊಂಡರು. ಗಿಡವೆಂದು ತೀರ್ಪಾಯಿತು.

ಅಂದೇ ಬುಡಕ್ಕೆ ಕೊಡಲಿ ಬಿತ್ತು. ಎಲೆಯನ್ನೆಲ್ಲ ಸವರಿಸಿ ಅಂಗಡಿಯವರು ಕಾರಿನ ಡಿಕ್ಕಿಗೆ ತುಂಬಿಕೊಂಡರು. ಕಾರಿನೊಳಗೆ ಬಿದ್ದರೆ ಅದು ಕಸವಲ್ಲ, ಸರಕು. ಬೋಳು ಕೊಂಬೆಗಳನ್ನು ಅಕ್ಕ ಬೇಡಿಕೊಂಡಾಗ, ಒಲೆಗಾಗುತ್ತದೆ ತೆಗೆದುಕೊಳ್ಳಮ್ಮ ಎಂದು ಉದಾರವಾಗಿ ದಾನ ಮಾಡಿದರು. ಒಳಗೆ ಮಗಳು ಸೊಪ್ಪಿಲ್ಲದ ತಟ್ಟೆ ತಳ್ಳಿ ಗೋಡೆ ಕಡೆ ತಿರುಗಿ ಮಲಗಿದಳು.

ಅಕ್ಕ ಒಲೆ ಹಚ್ಚಲಿಲ್ಲ. ದಪ್ಪ ಕೊಂಬೆಗಳನ್ನು ಆರಿಸಿ, ತನ್ನ ಹಿತ್ತಲಲ್ಲಿ ಸಾಲಾಗಿ ಗುಳಿ ತೆಗೆದು ನಿಲ್ಲಿಸಿ, ಒಂದರಿಂದೊಂದಕ್ಕೆ ಹಗ್ಗ ಬಿಗಿದಳು.

ಅಂಗಡಿಯವರು ಗೋಡೆಯ ಮೇಲಿಂದ ಇಣುಕಿ, “ಇದೇನಮ್ಮ?” ಅಂದರು.

“ಬಟ್ಟೆ ಒಣಗಿಸೋ ಕಂಬ ಅಣ್ಣ.”

ಕಂಬ ಎಲೆ ಉದುರಿಸುವುದಿಲ್ಲವಲ್ಲ. ಅವರು ನೆಮ್ಮದಿಯಿಂದ ಕಾರು ಒರೆಸಲು ಹೋದರು.

ಭಗವಂತ ಕೊಡಲಿಯ ಸದ್ದಿಗೆ ಕಿವಿಗೊಟ್ಟವನಲ್ಲ. ಮುಂದಿನ ತಿಂಗಳು ಕಂಬಗಳೆಲ್ಲ ಮೊಳೆತು, ಒದ್ದೆ ಸೀರೆಗಳ ನಡುವೆ ಹಸಿರು ತುಳುಕಿತು. ಕಂಬ ಚಿಗುರಿತೆಂಬ ದೂರು ಹೊತ್ತು ಅಂಗಡಿಯವರು ಏದುಸಿರು ಬಿಡುತ್ತ ಕಚೇರಿಗೆ ಓಡಿದರು. ಸಾಹೇಬರು ಎಲ್ಲವನ್ನೂ ಕೇಳಿ, ತಮ್ಮದು ಮರದ ವಿಭಾಗವೆಂದೂ, ಕಂಬಗಳ ದೂರಿಗೆ ವಿದ್ಯುತ್ತಿನವರನ್ನು ಕಾಣಬೇಕೆಂದೂ ತಾಳ್ಮೆಯಿಂದ ತಿಳಿಸಿದರು.

ಆ ಹೊತ್ತಿಗೆ ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಬಂದಿದ್ದಳು. ಎಳೆಯ ಚಿಗುರನ್ನು ಮಡಿಲಿಗೆ ಚಿವುಟಿ ಹಾಕುತ್ತ, “ಅಮ್ಮಾ, ಇವತ್ತು ಸ್ವಲ್ಪ ಜಾಸ್ತೀನೇ ಬೇಯ್ಸು” ಅಂದಳು.