ನೀಲಿ ಫ್ರಾಕಿನ ಬಿಚ್ಚದ ಮಡಿಕೆ

ನಮ್ಮ ಬೀದಿಯ ದರ್ಜಿಯಂಥ ದರ್ಜಿ ಭೂಮಂಡಲದಲ್ಲೇ ಇಲ್ಲ. ಅವನು ಹಾಕಿದ ಹೊಲಿಗೆ ಬಿಚ್ಚಬೇಕಾದರೆ ಎರಡು ಜೊತೆ ಎತ್ತು ಕಟ್ಟಿ ಎಳೆಯಬೇಕು. ಆಳು ಮಾತ್ರ ಕುಳ್ಳ. ಬಟ್ಟೆ ಕತ್ತರಿಸಲು ಸ್ಟೂಲು ಹತ್ತುತ್ತಾನೆ, ಇಳಿಯಲು ಏಣಿ ಕೇಳುತ್ತಾನೆ!

ಮಕ್ಕಳ ಬಟ್ಟೆಗೆ ಅವನದೊಂದು ಪದ್ಧತಿ. ಅಂಚಿನಲ್ಲಿ ನಾಲ್ಕು ಬೆರಳಷ್ಟು ಬಟ್ಟೆ ಒಳಗೆ ಮಡಚಿ ಹೊಲಿಯುತ್ತಾನೆ. ಮಗು ಬೆಳೆದಂತೆ ಮಡಿಕೆ ಬಿಚ್ಚಿದರಾಯಿತು.

ಒಂದು ದಿನ ಆರೋಗ್ಯ ಕೇಂದ್ರದ ನರ್ಸಮ್ಮ ಸಮವಸ್ತ್ರ ಹೊಲಿಸಲು ಬಂದಳು. ದರ್ಜಿಯ ಐದು ವರ್ಷದ ಮಗಳು ಗುಬ್ಬಿ ಬಾಗಿಲಲ್ಲಿ ಕೂತು ದಾರಕ್ಕೆ ಗುಂಡಿ ಪೋಣಿಸುತ್ತಿದ್ದಳು.

"ನೋಡಿ ಸಿಸ್ಟರ್ ನನ್ನ ಕೈಚಳಕ! ಇವಳಿಗೆ ಮೂರು ತುಂಬಿದಾಗ ಹೊಲಿದ ಫ್ರಾಕು. ಇವತ್ತಿಗೂ ಅಳತೆ ತಪ್ಪಿಲ್ಲ!"

ನರ್ಸಮ್ಮ ಗುಬ್ಬಿ ತೊಟ್ಟಿದ್ದ ಫ್ರಾಕಿನ ಅಂಚು ತಿರುಗಿಸಿದಳು. "ಅಲ್ಲಣ್ಣ, ಮಡಿಕೆ ಬಿಚ್ಚೇ ಇಲ್ವಲ್ಲ?"

"ಬಿಚ್ಚೋ ಪ್ರಮೇಯವೇ ಬಂದಿಲ್ಲ. ನಮ್ಮದು ಕುಳ್ಳರ ವಂಶ. ರಕ್ತದಲ್ಲೇ ಬಂದಿದ್ದನ್ನ ಎಳೆದು ಉದ್ದ ಮಾಡೋಕಾಗುತ್ತಾ?"

"ಕುಳ್ಳರ ಮಕ್ಕಳೂ ವರ್ಷಾವರ್ಷ ಬೆಳೀತಾರೆ. ಎಷ್ಟು ಎತ್ತರ ಆಗ್ತಾರೆ ಅನ್ನೋದರಲ್ಲಿ ವಂಶದ ಪಾಲಿದೆ ನಿಜ. ಆದ್ರೆ ಬೆಳೆಯೋದೇ ನಿಂತರೆ ಸುಮ್ಮನಿರಬಾರದು."

"ಸುಮ್ಮಸುಮ್ಮನೆ ಹೆದರಿಸಬೇಡಿ ಬಿಡಿ."

ಒಳಗಿನಿಂದ ದರ್ಜಿಯ ತಾಯಿ ಗುಡುಗಿದಳು. ಆಕೆ ಪಿಸುಗುಟ್ಟಿದರೂ ಪಕ್ಕದ ಊರಿನವರು ಓಗೊಡುತ್ತಾರೆ. "ಲೋ ಕುಳ್ಳಪ್ಪ! ನಿನ್ನ ಚಡ್ಡಿ ಮಡಿಕೇನ ವರ್ಷಕ್ಕೊಂದು ಸಲ ಬಿಚ್ಚಿದವಳು ನಾನು. ಈ ಕೂಸಿಂದು ಯಾಕೆ ಹಾಗೇ ಇದೆ, ಹೇಳು!"

ದರ್ಜಿ ಏಣಿಯಿಲ್ಲದೆ ಸ್ಟೂಲಿಂದ ಇಳಿದ. ತಾಯಿ, ನರ್ಸಮ್ಮನ ಜೊತೆ ಗುಬ್ಬಿಯನ್ನು ಆಸ್ಪತ್ರೆಗೆ ಕರೆದೊಯ್ದ.

ಗುಬ್ಬಿಗೆ ಆಗಾಗ ಭೇದಿ, ಹೊಟ್ಟೆಯುಬ್ಬರ ಬೇರೆ ಇತ್ತು. ಆಸ್ಪತ್ರೆಯಲ್ಲಿ ರಕ್ತ ನೋಡಿ, ಇನ್ನೂ ಕೆಲವು ಪರೀಕ್ಷೆ ಮಾಡಿದ ಡಾಕ್ಟರು, "ಇವಳಿಗೆ ಗೋಧಿ ಆಗಿಬರಲ್ಲ. ತಿಂದಾಗಲೆಲ್ಲ ಕರುಳಿಗೆ ಪೆಟ್ಟು ಬೀಳುತ್ತೆ, ಉಂಡದ್ದು ಮೈಗೆ ಹತ್ತಲ್ಲ. ಈ ಕಾಯಿಲೆ ಬರೋ ಗುಣ ವಂಶದಿಂದ ಬರುತ್ತೆ" ಎಂದರು.

"ನಾನು ಹೇಳಲಿಲ್ವಾ, ವಂಶದ್ದು ಅಂತ!" ದರ್ಜಿ ಎದೆಯುಬ್ಬಿಸಿದ.

"ಹೇಳಿದ್ರಿ. ಹೇಳಿ ಕೈಕಟ್ಟಿ ಕೂತಿದ್ರಿ" ಎಂದಳು ನರ್ಸಮ್ಮ. "ವಂಶದ್ದಾದರೂ ದಾರಿ ಇದೆ. ಗೋಧಿ, ಬಾರ್ಲಿ ಇರೋದನ್ನೆಲ್ಲ ಪೂರ್ತಿ ಬಿಡಿಸಿ. ಮನೆಯವರೂ ಪರೀಕ್ಷೆ ಮಾಡಿಸ್ಕೊಳ್ಳಿ."

"ಮೊದಲು ನನ್ನ ರಕ್ತ ತಗೊಳ್ಳಿ!" ಅಜ್ಜಿ ತೋಳು ಚಾಚಿದಳು. ಆಸ್ಪತ್ರೆಯ ಕಿಟಕಿ ಗಾಜುಗಳೆಲ್ಲ ನಡುಗಿದವು.

ಮುಂದಿನ ವರ್ಷ ಆ ಫ್ರಾಕು ಗುಬ್ಬಿಯ ಮಂಡಿಯಿಂದ ಮೇಲೇರಿತು. ದರ್ಜಿ ಎತ್ತಿಗೆ ಹೇಳಿಕಳಿಸಲಿಲ್ಲ. ಹಲ್ಲಲ್ಲೇ ದಾರ ಕಚ್ಚಿ ಮಡಿಕೆ ಬಿಚ್ಚಿದ. ಮಾಸಿದ ಬಟ್ಟೆಯ ಕೆಳಗೆ ಹೊಚ್ಚಹೊಸ ನೀಲಿ ಪಟ್ಟಿ. ಗುಬ್ಬಿ ಅದನ್ನು ಬೀದಿಗೆಲ್ಲ ತೋರಿಸಿ ಬಂದಳು.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗುವಿಗೆ ಹಳೆಯ ಬಟ್ಟೆ ಇನ್ನೂ ಸರಿಹೋಗುತ್ತಿದೆಯೇ? ದರ್ಜಿಯನ್ನು ಹೊಗಳುವ ಮೊದಲು ಆರೋಗ್ಯ ಕೇಂದ್ರಕ್ಕೆ ಹೋಗಿ ಮಗುವಿನ ಎತ್ತರ, ತೂಕ ನೋಡಿಸಿ. ಪರೀಕ್ಷೆಗೆ ಮೊದಲು ನೀವಾಗಿಯೇ ಯಾವ ಆಹಾರವನ್ನೂ ನಿಲ್ಲಿಸಬೇಡಿ. ಕಾರಣ ಊಟವಿರಲಿ, ಕಾಯಿಲೆಯಿರಲಿ, ವಂಶವೇ ಇರಲಿ, ತಿಳಿದುಕೊಂಡರೆ ತಾನೇ ಮಡಿಕೆ ಬಿಚ್ಚುವುದು!